ಜುಲು ಮೇಲೋ ಜೊಂಗ್‌ಖಾ ಮೇಲೋ

ಗೀರಕ್ಕನಿಗೆ ಹೇಸಿಗೆ ಬೇಗ ಬರುತ್ತದೆ. ನಲ್ಲಿಯ ಬಾಯಿಗೆ ಪಾಚಿ ಕಂಡರೆ ಅವತ್ತಿಡೀ ಆ ನೀರು ಮುಟ್ಟುವುದಿಲ್ಲ. ಬಸ್ಸಿನ ಕಂಬಿಯನ್ನು ಸೆರಗು ಸುತ್ತಿಕೊಂಡೇ ಹಿಡಿಯುತ್ತಾಳೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವವರನ್ನು ಕಂಡರೆ ಎದ್ದು ಬೇರೆ ಕಡೆ ಕೂರುತ್ತಾಳೆ. ಅಂಥವಳ ಹಣೆಯಲ್ಲಿ ಬರೆದದ್ದು ನೋಡಿ, ವರ್ಷಗಟ್ಟಲೆ ಅನ್ನ ತಿಂದದ್ದು ತಕ್ಕಡಿಯ ಆಫೀಸಿನಲ್ಲಿ.

ತಕ್ಕಡಿ ಅಂದರೆ ಅವಳಿಗೆ ಕೆಲಸ ಕೊಟ್ಟ ಯಜಮಾನ. ಅವನ ಆಫೀಸು ಹಾಸಿಗೆ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಕಕ್ಕಸಿನ ಕೊಳವೆಗಳ ಕಡೆ ತೆರೆಯುತ್ತಿತ್ತು. ಕುಡಿಯುವ ನೀರಿಗೆ ಎಲ್ಲರಿಗೂ ಸೇರಿ ಒಂದು ಪ್ಲಾಸ್ಟಿಕ್ ಜಗ್ಗು, ಅದರ ಅಂಚಿನ ಸುತ್ತ ತುಟಿಗಳ ಗುರುತು. ಕೀಬೋರ್ಡುಗಳ ಸಂದಿಯಲ್ಲಿ ಹಿಂದೆ ಕೂತವರು ತಿಂದ ಬಿಸ್ಕತ್ತಿನ ಪುಡಿ. ಯಜಮಾನ ಮಧ್ಯಾಹ್ನದ ಹೊತ್ತು ಮೇಜಿನ ಮೇಲೆ ಕಾಲೆತ್ತಿ ಉಗುರು ಕತ್ತರಿಸುತ್ತಿದ್ದ, ಚೂರುಗಳು ಎಲ್ಲೆಲ್ಲಿ ಹಾರಿ ಬಿದ್ದವು ಅಂತ ಹುಡುಕುವವನಲ್ಲ. ಒಮ್ಮೆ ಒಂದು ಚೂರು ಗೀರಕ್ಕನ ಟೀ ಲೋಟದ ಪಕ್ಕದಲ್ಲೇ ಬಂದು ಬಿತ್ತು. ಅವಳು ಎದ್ದುಹೋಗಿ ಟೀಯನ್ನು ಬಚ್ಚಲಿಗೆ ಚೆಲ್ಲಿ ಬಂದಳು, ಅವನು ನೋಡಿ ನಕ್ಕ.

ಅವಳಿಗೆ ಗೀರಕ್ಕ ಅನ್ನುವ ಹೆಸರು ಬಂದದ್ದು ಇದಕ್ಕೂ ಮುಂಚೆ, ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಾಗ. ಕೆಂಪು ಪೆನ್ಸಿಲಿನಲ್ಲಿ ಅವಳ ಗೀರು ಬಿತ್ತೆಂದರೆ ಮುಗಿಯಿತು, ಆ ಸಾಲನ್ನು ಬರೆದವನು ಎಷ್ಟೇ ದೊಡ್ಡವನಾಗಿರಲಿ ಒಪ್ಪಲೇಬೇಕಿತ್ತು. ಅಲ್ಲಿ ಶಾಯಿಯ ವಾಸನೆ, ಎಣ್ಣೆಯ ವಾಸನೆ ಎಲ್ಲ ಇದ್ದರೂ ಅವಳಿಗೆ ಅದು ಹೊಲಸು ಅನ್ನಿಸಿರಲಿಲ್ಲ. ಕೆಲಸ ಚೊಕ್ಕಟವಾಗಿತ್ತಲ್ಲ, ಅಷ್ಟು ಸಾಕಿತ್ತು. ಮುದ್ರಣಾಲಯ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು. ಲಿಫ್ಟ್ ರಿಪೇರಿ ಮಾಡುವ ಗಂಡ, "ಮನೇಲೇ ಇರು ಮಾರಾಯ್ತಿ, ಹೇಗೋ ನಡೆಯುತ್ತೆ" ಅಂದ. ಮನೆಯಲ್ಲೇ ಇದ್ದರೆ ಅವಳು ದಿನಕ್ಕೆ ಮೂರು ಸಲ ನೆಲ ಉಜ್ಜಿ ಅವನನ್ನು ಹೊಸಲಿನಾಚೆ ನಿಲ್ಲಿಸುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು. ಹಾಗಾಗಿ ತಕ್ಕಡಿಯ ಆಫೀಸಿಗೆ ಸೇರಿದಾಗ ಅವನು ಬೇಡ ಅನ್ನಲಿಲ್ಲ.

ಆ ಆಫೀಸಿನ ಕೆಲಸ ಹೀಗಿತ್ತು. ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಮೇಲು ಅಂತ ಬರೆದು ಇಂಟರ್ನೆಟ್ಟಿಗೆ ಹಾಕುವುದು. ಎರಡು ಕುಕ್ಕರ್, ಎರಡು ಚಾಪೆ, ಎರಡು ಬಗೆಯ ಬೀಗ. ಎಡಕ್ಕೊಂದು, ಬಲಕ್ಕೊಂದು, ನಡುವೆ ಸಾಲು ಸಾಲಾಗಿ ಗುಣಗಳು. ಕೊನೆಯಲ್ಲಿ ಗೆದ್ದದ್ದರ ಹೆಸರು, ಅದಕ್ಕೊಂದು ಹಸಿರು ಪದಕದ ಚಿತ್ರ. ಎರಡೂ ಚೆನ್ನಾಗಿವೆ ಅನ್ನುವ ಹಾಗಿಲ್ಲ, ಎರಡೂ ದಂಡ ಅನ್ನುವ ಹಾಗೂ ಇಲ್ಲ. ಒಂದು ಗೆಲ್ಲಲೇಬೇಕು.

ಈ ಹೋಲಿಸುವ ಚಾಳಿ ಗೀರಕ್ಕನಿಗೆ ಹೊಸತೇನೂ ಅಲ್ಲ. ಅವಳು ಬೆಳೆದದ್ದೇ ಎಡಗಡೆಯ ವಸ್ತುವಾಗಿ. ಬಲಗಡೆ ಅವಳ ಅಕ್ಕ. "ಅಕ್ಕನ್ನ ನೋಡಿ ಕಲಿ" ಅನ್ನುವುದನ್ನು ತಾಯಿಯ ಬಾಯಲ್ಲಿ, ಅತ್ತೆಯಂದಿರ ಬಾಯಲ್ಲಿ, ಹಾಲು ತರುವವಳ ಬಾಯಲ್ಲಿ ಕೂಡ ಕೇಳಿದ್ದಳು. ಅಕ್ಕ ತಂಗಿ ಇಬ್ಬರಿಗೂ ಕೊನೆಗೆ ಒಬ್ಬರ ಮುಖ ಒಬ್ಬರಿಗೆ ಆಗದ ಹಾಗಾಯಿತು. ಅವಳ ಅಕ್ಕ ಕೆಟ್ಟವಳೇನಲ್ಲ ಅನ್ನುವುದು ಗೀರಕ್ಕನಿಗೆ ತಡವಾಗಿ ತಿಳಿಯಿತು, ಆಗ ಅಕ್ಕ ಬೇರೆ ಊರಿನಲ್ಲಿದ್ದಳು.

ಹಾಗಾಗಿ ಮೊದಮೊದಲು ಅವಳು ನ್ಯಾಯವಾಗಿಯೇ ಹೋಲಿಸಲು ಹೊರಟಳು. ಎರಡು ಮಿಕ್ಸಿಗಳ ಪುಟಕ್ಕೆ ಎರಡನ್ನೂ ಕೊಂಡವರನ್ನು ಹುಡುಕಿಕೊಂಡು ಹೋದಳು. ತಕ್ಕಡಿ ಕರೆದು ಕೂರಿಸಿ ಹೇಳಿದ, "ಗೀರಕ್ಕ, ನೀವೇನು ಮದುವೆಗೆ ಗಂಡು ನೋಡ್ತಿದ್ದೀರಾ? ಒಂದು ಪುಟದಲ್ಲಿ ಎಡದ್ದು ಗೆಲ್ಲಲಿ, ಮುಂದಿನ ಪುಟದಲ್ಲಿ ಬಲದ್ದು ಗೆಲ್ಲಲಿ. ಸರದಿ ಪ್ರಕಾರ. ಯಾರಿಗೂ ಅನ್ಯಾಯ ಇಲ್ಲ."

"ಓದೋರಿಗೆ?"

"ಓದೋರು ಯಾರ್ರೀ? ಕೊನೇ ಸಾಲು ನೋಡ್ತಾರೆ, ಹೋಗ್ತಾರೆ."

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಅಲ್ಲೇ ಕೂತಳು. ಸರದಿಯನ್ನು ಬರೆದಿಟ್ಟುಕೊಳ್ಳುವ ಅಗತ್ಯ ಕೂಡ ಇರಲಿಲ್ಲ, ಸ್ವಲ್ಪ ದಿನದಲ್ಲೇ ಅದು ಮೈಗೆ ಹತ್ತಿತು. ಎಡ, ಬಲ, ಎಡ, ಬಲ. ನಿದ್ದೆಗಣ್ಣಿನಲ್ಲಿ ಕೇಳಿದರೂ ಇವತ್ತು ಯಾವ ಕಡೆ ಅಂತ ಹೇಳುತ್ತಿದ್ದಳು. ಗಂಡ ಯಾವ ಅಂಗಿ ಹಾಕಲಿ ಅಂತ ಎರಡು ಅಂಗಿ ಹಿಡಿದು ನಿಂತರೆ ನೋಡದೆಯೇ "ಬಲ" ಅನ್ನುತ್ತಿದ್ದಳು, ಅವನು ಹಾಕಿಕೊಂಡು ಹೋಗುತ್ತಿದ್ದ.

ಪಾತ್ರೆ ಪಡಗ ಎಲ್ಲ ಮುಗಿದ ಮೇಲೆ ತಕ್ಕಡಿಯ ಕಣ್ಣು ಭಾಷೆಗಳ ಮೇಲೆ ಬಿತ್ತು. ಲೋಕದ ಭಾಷೆಗಳನ್ನೆಲ್ಲ ಕಂಪ್ಯೂಟರಿನಿಂದಲೇ ಜೋಡಿ ಮಾಡಿಸಿದ. ಗೀರಕ್ಕನ ಪಾಲಿಗೆ ಬಂದ ಜೋಡಿಗಳಲ್ಲಿ ಜುಲು, ಜೊಂಗ್‌ಖಾ ಒಂದು. ಜುಲು ಸಮುದ್ರದಾಚೆ ದನ ಕಟ್ಟುವವರ, ಗಣಿಗೆ ಇಳಿಯುವವರ, ಕೋಟಿಗಟ್ಟಲೆ ಮಂದಿ ಆಡುವ ಭಾಷೆ. ಜೊಂಗ್‌ಖಾ ಹಿಮದ ಬೆಟ್ಟಗಳ ನಡುವಿನ ಚಿಕ್ಕ ದೇಶದ್ದು. ಒಂದರ ಮುಖವನ್ನು ಇನ್ನೊಂದು ಕನಸಿನಲ್ಲೂ ಕಂಡದ್ದಿಲ್ಲ. ಇವೆರಡನ್ನೂ ಜಗಳಕ್ಕೆ ನಿಲ್ಲಿಸಬೇಕಂತೆ.

ಅಷ್ಟಾದರೆ ಪರವಾಗಿಲ್ಲ. ಹೊಸ ಸಾಲುಗಳನ್ನು ಮಾಡಿಸುವುದು ದಂಡ ಅಂತ ತಕ್ಕಡಿ ಕುಕ್ಕರಿನ ಪುಟದ ಸಾಲುಗಳನ್ನೇ ಉಳಿಸಿದ್ದ. ಬಾಳಿಕೆ ಹೇಗೆ? ತೊಳೆಯಲು ಸುಲಭವೇ? ಮನೆಮಂದಿಗೆಲ್ಲ ಸಾಲುತ್ತದೆಯೇ? ಗೀರಕ್ಕ ಹೋಗಿ ಕೇಳಿದಳು. ಅವನು ಕಿವಿಯೊಳಗೆ ಸ್ಕೂಟರಿನ ಕೀ ತಿರುಗಿಸುತ್ತಾ, "ಏನಾದ್ರೂ ತುಂಬಿಸಿ, ಖಾಲಿ ಮಾತ್ರ ಬಿಡ್ಬೇಡಿ" ಅಂದ. ಆಮೇಲೆ ಕೀಯನ್ನು ನೋಡಿ ಪ್ಯಾಂಟಿಗೆ ಒರೆಸಿಕೊಂಡ. ಅವಳು ವಾಕರಿಕೆ ತಡೆದುಕೊಂಡು ಬಂದು ಕೂತು ತುಂಬಿಸಿದಳು. ಜುಲು ದೊಡ್ಡ ಸಂಸಾರಕ್ಕೆ ಸಾಲುತ್ತದೆ, ಜೊಂಗ್‌ಖಾ ಚಿಕ್ಕ ಕುಟುಂಬಕ್ಕೆ ಸೂಕ್ತ. ಎರಡೂ ಬಾಳಿಕೆ ಬರುತ್ತವೆ. ಅವತ್ತು ಬಲದ ಸರದಿ. ಬಲಗಡೆ ಇದ್ದದ್ದು ಜೊಂಗ್‌ಖಾ, ಅದಕ್ಕೆ ಹಸಿರು ಪದಕ ಹೋಯಿತು.

ಪುಟದ ಅಡಿಯಲ್ಲಿ ಬರೆದವರ ಭಾವಚಿತ್ರ ಹಾಕುವುದು ಅಲ್ಲಿನ ಪದ್ಧತಿ. ಕನ್ನಡಕ ಇದ್ದವಳು ಇಡೀ ಆಫೀಸಿಗೆ ಗೀರಕ್ಕ ಒಬ್ಬಳೇ. ಅವಳ ಚಿತ್ರದ ಕೆಳಗೆ ತಕ್ಕಡಿ "ಭಾಷಾತಜ್ಞೆ" ಅಂತ ಬರೆಸಿದ. ಹೋದ ತಿಂಗಳು ಅದೇ ಚಿತ್ರದ ಕೆಳಗೆ "ಅಡುಗೆಮನೆ ಸಲಹೆಗಾರ್ತಿ" ಅಂತಿತ್ತು.

ಆ ಚಿತ್ರವೇ ಅವಳಿಗೆ ಮುಳುವಾಯಿತು. ಮನೆಯ ಹತ್ತಿರದ ಔಷಧಿ ಅಂಗಡಿಯಲ್ಲಿ ಗಂಡನ ಬೆನ್ನುನೋವಿಗೆ ಮುಲಾಮು ಕೊಳ್ಳುತ್ತಿದ್ದಾಗ ಪಕ್ಕದಲ್ಲಿದ್ದವನೊಬ್ಬ ಅವಳ ಮುಖವನ್ನೇ ದಿಟ್ಟಿಸಿದ. "ನೀವೇ ಅಲ್ವಾ ಮೇಡಂ, ಜುಲು ಜೊಂಗ್‌ಖಾ ಪುಟ ಬರೆದೋರು?" ಅಂದ.

ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಜೆ ಹೊತ್ತು ಪರಭಾಷೆಗಳನ್ನು ಕಲಿಸುವ ಕೇಂದ್ರವೊಂದಿತ್ತು, ಇವನು ಅದರ ಮ್ಯಾನೇಜರು. ಹೊರದೇಶಕ್ಕೆ ನರ್ಸಾಗಿ ಹೋಗುವವರು, ಅಣೆಕಟ್ಟಿನ ಕೆಲಸಕ್ಕೆ ಬೆಟ್ಟದ ಸೀಮೆಗೆ ಹೋಗುವವರು, ಸುಮ್ಮನೆ ಹುಚ್ಚಿಗೆ ಕಲಿಯುವವರು ಅಲ್ಲಿಗೆ ಬರುತ್ತಿದ್ದರು. ಅರ್ಧ ಮಹಡಿಯನ್ನು ವ್ಯಾಯಾಮಶಾಲೆಗೆ ಬಾಡಿಗೆಗೆ ಕೊಡುವುದಂತ ಮಾಲೀಕರು ತೀರ್ಮಾನಿಸಿದ್ದರು. ಹಾಗಾಗಿ ಜುಲು, ಜೊಂಗ್‌ಖಾ ಎರಡರಲ್ಲಿ ಒಂದು ತರಗತಿ ಮುಚ್ಚಬೇಕು, ಯಾವುದು ಅಂತ ನೀನೇ ನೋಡು ಅಂತ ಇವನ ಕೈಗೆ ಬಿಟ್ಟಿದ್ದರು. ಇವನು ಫೋನಿನಲ್ಲಿ ಹುಡುಕಿದ, ಗೀರಕ್ಕನ ಪುಟ ಸಿಕ್ಕಿತು.

"ನಿಮ್ಮ ಪುಟ ನೋಡಿದ ಮೇಲೆ ನನಗೆ ತಲೆನೋವೇ ಕಳೀತು. ಜುಲು ತೆಗೆದುಬಿಡೋಣ ಅಂತಿದ್ದೀನಿ."

ಗೀರಕ್ಕನ ಕೈಯಲ್ಲಿದ್ದ ಮುಲಾಮಿನ ಟ್ಯೂಬು ಬೆರಳ ನಡುವೆ ಒತ್ತಿಹೋಯಿತು. "ಅದನ್ನ ನಂಬಿಕೊಂಡು ಏನೂ ಮಾಡ್ಬೇಡಿ. ಅದು ಬರೀ ಬುರುಡೆ" ಅಂದಳು.

ಅವನು ಹಲ್ಲು ಕಿರಿದ. ಕಿಸೆಯಿಂದ ವಿಸಿಟಿಂಗ್ ಕಾರ್ಡು ತೆಗೆದು, ಅದರ ಮೂಲೆಯಿಂದ ಹಲ್ಲಿನ ಸಂದಿ ಕೆದಕಿ, ಅದನ್ನೇ ಅವಳ ಕಡೆ ಚಾಚಿದ. "ದೊಡ್ಡೋರ ವಿನಯ ಅಂದ್ರೆ ಇದು. ಹಾಗಾದ್ರೆ ನೀವೇ ಬಂದು ಎರಡು ತರಗತೀಲೂ ಕೂತು ನೋಡಿ ಹೇಳಿ. ನೀವು ಹೇಳಿದ್ದೇ ಕೊನೆ. ಹೇಳದೇ ಇದ್ರೆ ಪುಟದಲ್ಲಿ ಇರೋದೇ ಕೊನೆ."

ಅವಳು ಆ ಕಾರ್ಡನ್ನು ಮುಟ್ಟಲಿಲ್ಲ. ಆದರೆ ಮಾರನೆಯ ಸಂಜೆ ಮೆಟ್ಟಿಲು ಹತ್ತಿದಳು. ತಾನು ಹೋಗದಿದ್ದರೆ ಯಾವನೋ ಉಗುರು ಕತ್ತರಿಸುವವನ ಸರದಿಯಿಂದ ಒಬ್ಬರ ಕೆಲಸ ಹೋಗುತ್ತದೆ ಅನ್ನುವುದು ಅವಳಿಗೆ ಊಟ ಸೇರದ ಹಾಗೆ ಮಾಡಿತ್ತು.

ಜುಲು ಕಲಿಸುತ್ತಿದ್ದವರು ವಯಸ್ಸಾದ ಹೆಂಗಸು. ಆ ಭಾಷೆಯ ಸೀಮೆಯ ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಅರ್ಧ ಆಯುಸ್ಸು ಕಳೆದು ಬಂದವರು. ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು. "ಸಾವುಬೊನಾ" ಅಂತ ನಮಸ್ಕಾರ ಹೇಳಿಕೊಟ್ಟರು. ಹೊಸಬರೆಲ್ಲ ಸಾವು ಅಂದುಕೊಂಡು ಕಿಸಕ್ಕೆಂದರು. "ನಗಿ, ನಗಿ. ನಾನೂ ನಕ್ಕಿದ್ದೆ. ನಾವು ನಿನ್ನನ್ನ ನೋಡ್ತಿದ್ದೀವಿ ಅಂತ ಅದರರ್ಥ" ಅಂದರು. ಆಮೇಲೆ ಬಾಯೊಳಗಿನ ಸದ್ದುಗಳಿಗೆ ಬಂದರು. ಪಾಪ ಅನ್ನಿಸಿದಾಗ ನಾವು ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಲೊಚಗುಟ್ಟುತ್ತೇವಲ್ಲ, ಅದು ಅವರಲ್ಲಿ ಒಂದು ಅಕ್ಷರ. ಎತ್ತು ಹೊಡೆಯುವವ ಕೆನ್ನೆಯ ಪಕ್ಕದಲ್ಲಿ ಮಾಡುವ ಸದ್ದು ಇನ್ನೊಂದು ಅಕ್ಷರ. ತರಗತಿಯೆಲ್ಲ ಲೊಚಗುಟ್ಟಿತು. ಒಬ್ಬ ದಪ್ಪ ಮನುಷ್ಯನಿಗೆ ಉಗುಳು ಹಾರಿತೇ ಹೊರತು ಸದ್ದು ಬರಲಿಲ್ಲ. ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವನೂ ನಕ್ಕ, ಮತ್ತೆ ಪ್ರಯತ್ನಿಸಿದ. ಉಗುಳಿನ ಹನಿ ಗೀರಕ್ಕನ ಬೆಂಚಿನವರೆಗೂ ಬಂದಿತ್ತು. ಬೇರೆ ಕಡೆಯಾಗಿದ್ದರೆ ಅವಳು ಎದ್ದುಹೋಗುತ್ತಿದ್ದಳು. ಅಲ್ಲಿ ತಾನೂ ನಾಲಿಗೆ ಮಡಚುತ್ತಾ ಕೂತಿದ್ದಳು.

ಮುಂದಿನ ತಾಸು ಅದೇ ಕೋಣೆಯಲ್ಲಿ ಜೊಂಗ್‌ಖಾ. ಕಲಿಸುವವನು ಗಡಿಯಾರ ರಿಪೇರಿಯ ತೆಳ್ಳನೆಯ ಮನುಷ್ಯ, ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಜೊಂಗ್‌ಖಾ ಅವನ ತಾಯಿಯ ಭಾಷೆ. ತಾಯಿ ತೀರಿಕೊಂಡ ಮೇಲೆ ಈ ಊರಿನಲ್ಲಿ ಅವನ ಜೊತೆ ಅದನ್ನು ಆಡುವವರು ಯಾರೂ ಉಳಿದಿರಲಿಲ್ಲ. ಅವನು ನಗುವವನಲ್ಲ, ಕೂಗುವವನೂ ಅಲ್ಲ. ಮಾತಿನ ಕೊನೆಗೆ "ಲಾ" ಅಂತ ಸೇರಿಸಿದರೆ ಮರ್ಯಾದೆ ಬರುತ್ತದೆ, ನಾವು "ರೀ" ಅನ್ನುವ ಹಾಗೆ, ಅಂತ ಹೇಳಿದ. ದೊಡ್ಡವರ ಊಟಕ್ಕೆ ಒಂದು ಶಬ್ದ, ನಮ್ಮ ಊಟಕ್ಕೆ ಬೇರೆ ಶಬ್ದ. ಕ್ರಿಯೆ ವಾಕ್ಯದ ತುದಿಯಲ್ಲಿ ಬರುತ್ತದೆ, ನಮ್ಮ ಮಾತಿನಲ್ಲಿ ಬರುವ ಹಾಗೆಯೇ. ಬರೆಯುವುದೊಂದು, ಓದುವುದೊಂದು, ಎಷ್ಟೋ ಅಕ್ಷರ ಬಾಯಿಗೇ ಬರುವುದಿಲ್ಲ. ಯಾರಾದರೂ ತಪ್ಪಿದರೆ ಅವನು ತಾನೇ ತಪ್ಪಿದವನ ಹಾಗೆ ತಲೆತಗ್ಗಿಸಿ ಸರಿಯಾದದ್ದನ್ನು ಮೆಲ್ಲಗೆ ಹೇಳುತ್ತಿದ್ದ. ಅವನ ಬಾಯಲ್ಲಿ ಆ ಮಾತು ಕೇಳುತ್ತಿದ್ದರೆ ಯಾರೋ ಒಳಕೋಣೆಯಲ್ಲಿ ಮಗುವನ್ನು ಮಲಗಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಗೀರಕ್ಕ ಇಳಿದು ಬಂದು ರಸ್ತೆಯಲ್ಲಿ ನಿಂತಳು. ಯಾವುದು ಮೇಲು? ಅವಳಿಗೆ ಸಿಟ್ಟು ಬಂತು. ಈ ಪ್ರಶ್ನೆಯನ್ನು ಕೇಳಿದವರ ಬಾಯಿಗೆ ಸೋಪು ಹಾಕಿ ಉಜ್ಜಬೇಕು ಅನ್ನಿಸಿತು. ಕೇಳಿದವರಲ್ಲಿ ತಾನೂ ಒಬ್ಬಳು ಅನ್ನುವುದು ನೆನಪಾಗಿ ಆ ಸಿಟ್ಟು ಅಲ್ಲೇ ಕಹಿಯಾಯಿತು.

ಅಷ್ಟರಲ್ಲಿ ಕೇಂದ್ರದಲ್ಲಿ ಸುದ್ದಿ ಹಬ್ಬಿತ್ತು. ಕನ್ನಡಕದ ಹೆಂಗಸು ಬಂದಿದ್ದಾಳೆ, ಅವಳು ಹೇಳಿದವರು ಉಳಿಯುತ್ತಾರೆ. ನರ್ಸಮ್ಮ, ಮೇಷ್ಟ್ರು ಇಬ್ಬರೂ ಅಲ್ಲಿಯವರೆಗೆ ಅಕ್ಕ ತಮ್ಮನ ಹಾಗಿದ್ದವರು. ತರಗತಿ ಬದಲಾಗುವ ಹೊತ್ತಿಗೆ ನರ್ಸಮ್ಮನ ಫ್ಲಾಸ್ಕಿನ ಟೀಯನ್ನು ಇಬ್ಬರೂ ಕುಡಿಯುತ್ತಿದ್ದರು. ಕಪ್ಪುಹಲಗೆ ಒರೆಸುವಾಗ ಮೇಷ್ಟ್ರು ನರ್ಸಮ್ಮ ಬರೆದದ್ದನ್ನು ಒಂದು ಮೂಲೆಯಲ್ಲಿ ಉಳಿಸುತ್ತಿದ್ದ, ಮಾರನೆಯ ದಿನಕ್ಕೆ ಬೇಕಾಗುತ್ತದೆ ಅಂತ. ಆ ವಾರ ಅವನು ಇಡೀ ಹಲಗೆ ಒರೆಸಿದ. ನರ್ಸಮ್ಮ ಫ್ಲಾಸ್ಕನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಮೊದಲು ಬಂದದ್ದು ಮೇಷ್ಟ್ರು. ಗೀರಕ್ಕನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೂ ಬಾರದೆ ಹೊರಗೂ ಹೋಗದೆ ನಿಂತ. "ಅಕ್ಕಾ, ಚಾಡಿ ಹೇಳೋಕೆ ಬಂದಿಲ್ಲ" ಅಂತ ಶುರುಮಾಡಿ ಚಾಡಿಯನ್ನೇ ಹೇಳಿದ. "ನರ್ಸಮ್ಮಂದು ಕಲಿತ ಭಾಷೆ, ಹುಟ್ಟಿನಿಂದ ಬಂದದ್ದಲ್ಲ. ಅವರು ಹೇಳೋದು ಸರಿಯೋ ತಪ್ಪೋ ಯಾರಿಗೆ ಗೊತ್ತು?" ಹೇಳುವಾಗ ಅವನ ಕಿವಿ ಕೆಂಪಗಾಗಿತ್ತು. ಮಾತು ಮುಗಿದ ಮೇಲೂ ನಿಂತೇ ಇದ್ದ. "ನನಗೆ ಸಂಬಳದ ಆಸೆ ಇಲ್ಲಕ್ಕಾ. ಆ ಒಂದು ತಾಸು ಬಿಟ್ರೆ ನಾನು ನಮ್ಮಮ್ಮನ ಮಾತು ಎಲ್ಲೂ ಆಡಲ್ಲ" ಅಂದ.

ಮಾರನೆಯ ದಿನ ನರ್ಸಮ್ಮ ಬಂದರು. ಒಳಗೆ ಬಂದು ಕೂತು, ನೀರು ಕೇಳಿ ಕುಡಿದರು. "ಆ ಹುಡುಗ ಒಳ್ಳೆಯವನೇ ಕಣಮ್ಮ. ಆದ್ರೆ ತರಗತೀಲಿ ಅರ್ಧ ಜನ ನಿದ್ದೆ ಮಾಡ್ತಾರೆ. ಗಡಿಯಾರ ರಿಪೇರಿ ಮಾಡೋನಿಗೆ ಮನುಷ್ಯರ ಹತ್ರ ಮಾತಾಡೋಕೆ ಬರುತ್ತಾ?" ಅಂದರು. ಅಂದದ್ದನ್ನು ತಾವೇ ಕೇಳಿಸಿಕೊಂಡವರ ಹಾಗೆ ಎದ್ದರು. ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಅವರು ಹೋದ ಮೇಲೆ ಗೀರಕ್ಕ ಆ ಲೋಟವನ್ನು ಮತ್ತೆ ತೊಳೆದಳು, ಕೈಯನ್ನೂ ತೊಳೆದಳು. ರಾತ್ರಿ ಗಂಡ ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುತ್ತಾ ಬೋರಲು ಮಲಗಿದ್ದ. "ಏನೇ, ಚರ್ಮ ಕಿತ್ತು ಬರುತ್ತೆ, ಮೆಲ್ಲಗೆ" ಅಂದ.

"ರೀ, ಇಬ್ಬರೂ ಒಳ್ಳೆಯವರು. ನಾನು ಅವರನ್ನ ಒಬ್ಬರ ಮೇಲೊಬ್ಬರನ್ನ ಎತ್ತಿಕಟ್ಟಿಬಿಟ್ಟೆ. ಅವರ ಬಾಯಲ್ಲಿ ಎಂಥ ಮಾತು ಬರೋ ಹಾಗಾಯ್ತು ನೋಡಿ."

"ಇದ್ದದ್ದು ಇದ್ದ ಹಾಗೆ ಹೋಗಿ ಹೇಳು. ಸರದಿ ಪ್ರಕಾರ ಬರೆದೆ ಅಂತ ಹೇಳು. ನಿನ್ನ ತಲೆಯೇನೂ ಹೋಗಲ್ಲ."

ಅದೇ ಸರಿ ಅನ್ನಿಸಿತು. ಮಾರನೆಯ ಸಂಜೆ ಮ್ಯಾನೇಜರನ ಮುಂದೆ ಹೋಗಿ ಕೂತಳು. ಅವನು ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದ, ಅದ್ದಿದ್ದರಲ್ಲಿ ಅರ್ಧ ಲೋಟದಲ್ಲೇ ಮುರಿದು ಬಿದ್ದು ತೇಲುತ್ತಿತ್ತು. ಗೀರಕ್ಕ ಆ ಕಡೆ ನೋಡದೆ ಎಲ್ಲವನ್ನೂ ಹೇಳಿದಳು. ಪುಟ ಬರೆಯುವಾಗ ತನಗೆ ಎರಡೂ ಭಾಷೆಗಳಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಸಾಲುಗಳು ಕುಕ್ಕರಿನವು. ಒಂದು ಸಲ ಎಡ, ಒಂದು ಸಲ ಬಲ, ಅವತ್ತು ಬಲದ ಸರದಿಯಾಗಿತ್ತು, ಅಷ್ಟೇ. ತರಗತಿಗಳಲ್ಲಿ ಕೂತು ನೋಡಿದ್ದಾಯಿತು, ಎರಡೂ ಬೇಕು, ಕೋಣೆ ಒಂದೇ ಇದ್ದರೆ ದಿನ ಬಿಟ್ಟು ದಿನ ನಡೆಸಿ. ಹೀಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೇಳಿದ ಮೇಲೆ ಎದೆ ಹಗುರಾಯಿತು.

ಮ್ಯಾನೇಜರಿಗೆ ಬೇಜಾರಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಲೋಟದೊಳಗೆ ಬೆರಳು ಹಾಕಿ ತೇಲುತ್ತಿದ್ದ ಬ್ರೆಡ್ಡನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಬೆರಳು ಚೀಪಿದ.

"ದಿನ ಬಿಟ್ಟು ದಿನ ಎಲ್ಲ ಆಗಲ್ಲ ಮೇಡಂ, ಮಾಲೀಕರು ಒಂದೇ ಅಂದಿದ್ದಾರೆ. ಸರದಿ ಒಳ್ಳೇದೇ ಅಲ್ವಾ? ನನಗೂ ಯಾರೂ ಬೈಯೋ ಹಾಗಿಲ್ಲ. ಈಗ ಯಾವ ಕಡೆ ನಡೀತಿದೆ?"

"ಬಲ" ಅಂದಳು ಗೀರಕ್ಕ.

ಅವಳು ಅನ್ನಬೇಕು ಅಂತ ಅಂದದ್ದಲ್ಲ. ಅವತ್ತು ಮಧ್ಯಾಹ್ನ ಎರಡು ಕೊಡೆಗಳ ಪುಟದಲ್ಲಿ ಎಡದ್ದನ್ನು ಗೆಲ್ಲಿಸಿ ಬಂದಿದ್ದಳು. ಇಷ್ಟು ವರ್ಷ ಕೇಳಿದವರಿಗೆ ಕೇಳಿದ ಹಾಗೆ ಉತ್ತರ ಕೊಟ್ಟ ಬಾಯಿ, ಅವಳನ್ನು ಕೇಳದೆ ಅದೇ ಉತ್ತರ ಕೊಟ್ಟುಬಿಟ್ಟಿತು. ನಾಲಿಗೆ ಕಚ್ಚಿಕೊಂಡಳು. "ಇಲ್ಲ, ಹಾಗಲ್ಲ, ನಾನು ಹೇಳಿದ್ದು ಅದಲ್ಲ" ಅಂತ ಎದ್ದು ನಿಂತಳು.

"ಬಲ ಅಂದ್ರೆ ಜೊಂಗ್‌ಖಾ. ಅದು ಉಳೀತು, ಮುಗೀತಲ್ಲ" ಅಂತ ಅವನು ಫೋನು ಎತ್ತಿಕೊಂಡು ಮಾಲೀಕರ ಜೊತೆ ಮಾತಿಗೆ ಶುರುಮಾಡಿದ. ಅವಳು ಮೇಜು ತಟ್ಟಿದಳು, ಜೋರಾಗಿ ಮಾತಾಡಿದಳು. ಅವನು ಫೋನಿನ ಬಾಯಿ ಮುಚ್ಚಿ, "ಮೇಡಂ, ನಿಮ್ಮ ಉಪಕಾರ ಮರೆಯಲ್ಲ" ಅಂದು, ಒದ್ದೆ ಬೆರಳಿನಿಂದಲೇ ಬಾಗಿಲು ತೋರಿಸಿದ.

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಯಾರ ಮೇಲೆ ಅಸಹ್ಯ ಪಡಬೇಕು ಅಂತ ಒಬ್ಬೊಬ್ಬರನ್ನೇ ನೆನೆದಳು, ತಕ್ಕಡಿ, ಮ್ಯಾನೇಜರು, ಮಾಲೀಕರು. ಅವರ ಮೇಲೆ ಅಸಹ್ಯ ಪಟ್ಟು ಪಟ್ಟು ಸಾಕಾಗಿತ್ತು. ಉಳಿದದ್ದು ತನ್ನ ಬಾಯಿ. ಎಷ್ಟು ಸಲ ಮುಕ್ಕಳಿಸಿದರೂ ಅದು ಚೊಕ್ಕಟವಾದ ಹಾಗೆ ಅನ್ನಿಸಲಿಲ್ಲ.

ಮರುದಿನ ತಕ್ಕಡಿಗೆ ಕೆಲಸ ಬಿಡುತ್ತೇನೆ ಅಂತ ಹೇಳಿ, ಅಲ್ಲಿಂದ ನೇರವಾಗಿ ನರ್ಸಮ್ಮನ ಮನೆಗೆ ಹೋದಳು. ಮನೆಯೆಂದರೆ ಒಂದು ಕೋಣೆ, ಕಬ್ಬಿಣದ ಮಂಚ, ಮಡಚಿಟ್ಟ ಸೀರೆಗಳು, ಒರಟು ನೆಲ. ಎಲ್ಲವೂ ಶುಭ್ರವಾಗಿತ್ತು. ನರ್ಸಮ್ಮ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಕೂತಿದ್ದರು. ಸುದ್ದಿ ಮುಟ್ಟಿತ್ತು. ಅಳುತ್ತಿರಲಿಲ್ಲ. ಮನೆಗೆ ಬಂದವರನ್ನು ನೋಡುವ ಹಾಗೆಯೇ ನೋಡಿ, "ಬಾಮ್ಮ, ಕೂತ್ಕೋ" ಅಂದರು.

ಗೀರಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ಸರದಿಯ ವಿಷಯ, ಕುಕ್ಕರಿನ ಸಾಲುಗಳ ವಿಷಯ, ಬಲ ಅಂತ ಬಾಯಿತಪ್ಪಿ ಬಂದದ್ದು, ಒಂದನ್ನೂ ಬಿಡಲಿಲ್ಲ. "ನಿಮ್ಮ ಪಾಠದಲ್ಲಿ ಏನೂ ಕೊರತೆ ಇರಲಿಲ್ಲ ನರ್ಸಮ್ಮ. ಕಾರಣಾನೇ ಇಲ್ಲ. ಅದೊಂದು ಹೊಲಸು ಸರದಿ. ನನ್ನಿಂದ ಆಯ್ತು" ಅಂದಳು.

ನರ್ಸಮ್ಮ ಮಗುವನ್ನು ಸಮಾಧಾನ ಮಾಡುವವರ ಹಾಗೆ ಮೆಲ್ಲಗೆ ನಕ್ಕರು.

"ನನ್ನ ಮನಸ್ಸಿಗೆ ನೋವಾಗಬಾರ್ದು ಅಂತ ಇಷ್ಟೆಲ್ಲ ಕಟ್ಟಿಕೊಂಡು ಬಂದಿದ್ದೀಯಲ್ಲ. ಹೆರಿಗೆ ವಾರ್ಡಿನಲ್ಲಿ ನಾನೂ ಎಷ್ಟೋ ಜನಕ್ಕೆ ಹೀಗೆ ಹೇಳಿದ್ದೀನಿ ಕಣಮ್ಮ, ನಿಮ್ಮ ತಪ್ಪೇನೂ ಇಲ್ಲ, ಕಾರಣಾನೇ ಇಲ್ಲ ಅಂತ. ಹೇಳೋರ ಮುಖ ನನಗೆ ಗೊತ್ತಾಗುತ್ತೆ."

"ನಿಮ್ಮಾಣೆ ನಿಜ. ಸುಳ್ಳಲ್ಲ."

"ಸರದಿ ಪ್ರಕಾರ ಒಬ್ಬರನ್ನ ತೆಗೆದುಹಾಕ್ತಾರೆ ಅಂದ್ರೆ ಯಾರು ನಂಬ್ತಾರೆ? ಅಷ್ಟು ಕೆಟ್ಟು ಹೋಗಿಲ್ಲ ಲೋಕ." ಅವರು ನೀರಿನಿಂದ ಕಾಲೆತ್ತಿ ಟವೆಲಿನಲ್ಲಿ ಒರೆಸಿಕೊಂಡರು. "ಕೂತು ನೋಡಿದವಳು ನೀನು. ನಿನಗೆ ಏನೋ ಕಂಡಿರಬೇಕು. ಏನೂ ಇಲ್ಲ ಅಂದ್ರೆ ನನಗೆ ನಿದ್ದೆ ಬರಲ್ಲ, ರಾತ್ರಿಯೆಲ್ಲ ಹುಡುಕ್ತಾ ಕೂರ್ತೀನಿ. ಏನು ಕಡಿಮೆಯಾಯ್ತು ನಂದರಲ್ಲಿ? ಅದೊಂದು ಹೇಳಿಬಿಡು ನನ್ನಮ್ಮ."

ಗೀರಕ್ಕ ಬಾಗಿಲ ಕಡೆ ನೋಡಿದಳು. ಹೇಳಬಹುದಾದ ನಿಜವನ್ನೆಲ್ಲ ಹೇಳಿ ಆಗಿತ್ತು, ಅದನ್ನು ಇವರು ತೆಗೆದುಕೊಳ್ಳಲಿಲ್ಲ. ಮುದುಕಿಯ ಕಣ್ಣು ಅವಳ ಬಾಯಿಯ ಮೇಲೇ ಇತ್ತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ನೀವು ನಗ್ತೀರಿ" ಅಂದಳು. "ಯಾರಾದ್ರೂ ತಪ್ಪಿದಾಗ ನಗ್ತೀರಿ. ಮೇಷ್ಟ್ರು ನಗಲ್ಲ. ಕಲಿಯೋರಿಗೆ ಅದು ಮುಜುಗರ."

ನರ್ಸಮ್ಮ ಟವೆಲನ್ನು ಮಡಚಿದರು. ಅವರ ಮುಖ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು. "ಹೌದಲ್ವಾ, ನಗಬಾರ್ದಿತ್ತು" ಅಂದರು. "ನನಗೂ ಒಂದೊಂದು ಸಲ ಅನ್ನಿಸ್ತಿತ್ತು. ಸರಿ ಹೇಳು, ಇನ್ನೇನಿತ್ತು?"

ಗೀರಕ್ಕ ಇನ್ನೊಂದನ್ನೂ ಹೇಳಿದಳು.